ಮಗ್ಗದ ಮನೆಗೆ ಹೋದರೆ ಏನಾದರೂ ಕೊಂಡೇ ಬರಬೇಕೇ?

ಓದುಗರ ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ಕಾಸರಗೋಡಿಗೆ ಬರುತ್ತಿದ್ದೇವೆ. ಬೇಕಲ ಕೋಟೆ ಹೇಗೂ ನೋಡುತ್ತೇವೆ. ಅದರ ಜೊತೆಗೆ ಕಾಸರಗೋಡು ಸೀರೆಯ ಮಗ್ಗ, ಬುಟ್ಟಿ ಹೆಣೆಯುವವರ ಮನೆ, ವಲಿಯಪರಂಬದಂಥ ದ್ವೀಪದಲ್ಲಿ ಕತ್ತದ (ತೆಂಗಿನ ನಾರಿನ) ಕೆಲಸ, ಇವನ್ನೆಲ್ಲ ನಡೆಯುವ ಜಾಗದಲ್ಲೇ ಮಕ್ಕಳಿಗೆ ತೋರಿಸುವ ಆಸೆ. ಹಾಗೆ ಹೋದರೆ ಏನಾದರೂ ಕೊಂಡೇ ಬರಬೇಕಾ? ಬರಿಗೈಯಲ್ಲಿ ಬಂದರೆ ಅವರಿಗೆ ಬೇಸರವಾಗುತ್ತದಾ?

ಕೊಂಡೇ ಬರಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಬರಿಗೈಯಲ್ಲಿ ಹೊರಟರೆ ಯಾರೂ ಮುಖ ಸಿಂಡರಿಸುವುದೂ ಇಲ್ಲ. ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು, ಬಂದ ಕಾರಣವನ್ನು ಆಮೇಲೆ ಕೇಳುವ ಊರು ನಮ್ಮದು. ಆ ಮರ್ಯಾದೆಯಿಂದಾಗಿಯೇ ಬಂದವರಿಗೆ ಒಂದು ಸಂಗತಿ ಗೊತ್ತಾಗದೆ ಹೋಗುತ್ತದೆ. ನೀವು ಸೀರೆ ಕೊಳ್ಳದಿದ್ದರೂ ನೇಕಾರರಿಂದ ಒಂದನ್ನು ತೆಗೆದುಕೊಂಡೇ ಬರುತ್ತೀರಿ, ಅವರ ಹೊತ್ತನ್ನು. ಮಗ್ಗದ ಮುಂದೆ ಕುಳಿತವರಿಗೆ ತಿಂಗಳ ಸಂಬಳವಿಲ್ಲ. ನೇಯ್ದ ಅಳತೆಗೆ ಕೂಲಿ. ಅಡ್ಡ ನೂಲು ಒಯ್ಯುವ ಲಾಳಿ ನಿಂತರೆ ಕೂಲಿಯೂ ನಿಂತಿತು.

ನನಗೆ ಇದು ಗೊತ್ತಾದ ಬಗೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮದುವೆಗೆ ಬಂದಿದ್ದ ನೆಂಟರು ಮಗ್ಗ ನೋಡಬೇಕೆಂದರು. ಹನ್ನೊಂದು ಮಂದಿ ಒಟ್ಟಿಗೆ ಒಬ್ಬರ ಮನೆಗೆ ಹೋದೆವು. ಆ ಅಕ್ಕ ಮಗ್ಗ ಬಿಟ್ಟು ಎದ್ದು ಬಂದರು, ಚಹಾ ಮಾಡಿದರು, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು, ಮಕ್ಕಳ ಕಾಲಿಗೆ ಕಾಲುಮಣೆ ಎಟುಕಿಸಿ ತುಳಿಸಿದರು. ಎರಡು ಗಂಟೆ ಕಳೆಯಿತು. ಖುಷಿಯಿಂದ ಕೈಮುಗಿದು ಬಂದೆವು. ನಾನು ಮರೆತು ಬಂದ ಕೊಡೆ ತರಲು ರಾತ್ರಿ ಏಳು ದಾಟಿದ ಮೇಲೆ ಮತ್ತೆ ಹೋದಾಗ ಅಂಗಳದಿಂದಲೇ ಮಗ್ಗದ ಸದ್ದು ಕೇಳಿಸಿತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವರು ಹಗಲು ನಮಗೆ ಕೊಟ್ಟ ಎರಡು ಗಂಟೆಯನ್ನು ತುಂಬಿಸುತ್ತಿದ್ದರು. ಒಂದು ಮಾತು ಆಡಲಿಲ್ಲ. ಕೊಡೆ ತಂದುಕೊಟ್ಟು ಮತ್ತೆ ಕುಳಿತರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಹೀಗೆ ತಿದ್ದಿಕೊಳ್ಳಿ: ಅವರ ಹೊತ್ತಿಗೆ ನಾನು ಏನು ಕೊಡುತ್ತೇನೆ? ಸೀರೆ ಕೊಳ್ಳುವುದು ಅದಕ್ಕೊಂದು ದಾರಿ, ಬೇರೆ ದಾರಿಗಳೂ ಇವೆ.

ಮೊದಲು ಮಗ್ಗ. ಶಾಲಿಯ ಸಮುದಾಯದವರು ಇಲ್ಲಿ ತಲೆಮಾರುಗಳಿಂದ ನೇಯುತ್ತ ಬಂದವರು. 1938ರಲ್ಲಿ ಶುರುವಾದ ನೇಕಾರರ ಸಹಕಾರ ಸಂಘ ಈಗಲೂ ಇದೆ, ಪೇಟೆಯ ಹೊರಗೆ, ಕಲೆಕ್ಟರೇಟ್ ಇರುವ ವಿದ್ಯಾನಗರದ ಉದಯಗಿರಿಯಲ್ಲಿ. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಮೊದಲ ಬಾರಿ ಬರುವವರು ಸಂಘಕ್ಕೇ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹಿಂದಿನ ದಿನ ಫೋನ್ ಮಾಡಿ, ಎಷ್ಟು ಮಂದಿ, ಎಷ್ಟು ಹೊತ್ತಿಗೆ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಬೆಲೆ ಬರೆದಿಟ್ಟ ಬೆಲೆ, ಚೌಕಾಶಿಯ ಮುಜುಗರ ಎರಡೂ ಕಡೆಗೆ ಇಲ್ಲ. ಸೀರೆ ಬೇಡವಾದರೆ ಕೈಮಗ್ಗದ ಬಟ್ಟೆಯ ಚಿಕ್ಕದೇನಾದರೂ, ಬೈರಾಸೋ (ಮೈ ಒರೆಸುವ ಬಟ್ಟೆ) ಮುಂಡೋ (ಪಂಚೆ) ಸಿಕ್ಕಿದರೆ ಸಾಕು. ಒಂದು ಬೈರಾಸು ಕೊಂಡವರನ್ನು ಕೀಳಾಗಿ ನೋಡಿದ್ದು ನಾನಂತೂ ಕಾಣೆ.

ನೂಲಿನ ನಂಬರ್ ಕೇಳಿ. ಈ ಸೀರೆಗಳಿಗೆ 60ರಿಂದ 100ರ ವರೆಗಿನ ಹತ್ತಿ ನೂಲು ಬಳಸುತ್ತಾರೆ. ನಂಬರ್ ಏರಿದಂತೆ ಎಳೆ ತೆಳುವಾಗುತ್ತದೆ. ಲೆಕ್ಕ ಹೀಗೆ: 840 ಗಜದ ನೂರು ಲಡಿ ಕೂಡಿದರೆ ಒಂದು ಪೌಂಡ್ ತೂಗುವ ನೂಲಿಗೆ 100ನೇ ನಂಬರ್. ಅಂದರೆ ಅರ್ಧ ಕಿಲೋಗೂ ಕಡಿಮೆ ತೂಕದಲ್ಲಿ ಸುಮಾರು 77 ಕಿಲೋಮೀಟರ್ ಉದ್ದದ ಎಳೆ, ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಅರ್ಧ ದಾರಿ ತಿರುಗಿ ಬರುವಷ್ಟು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ, ಅಂದರೆ ಹಾಸಿನ ಎಳೆಗಳಿಗೆ, ಬೆರಳು ಹಾಕಬಾರದೆಂದು ಬೇರೆ ಹೇಳಬೇಕಾಗಿಲ್ಲ. ಅಷ್ಟು ತೆಳುವಾದ ಎಳೆ ಉಗುರು ತಾಗಿದರೂ ಕಡಿಯುತ್ತದೆ. ಕಡಿದ ಎಳೆಯನ್ನು ಹುಡುಕಿ, ಗಂಟು ಹಾಕಿ, ಮತ್ತೆ ಹಣಿಗೆಯ ಹಲ್ಲಿನೊಳಗೆ ಹಾಯಿಸಿ ಹೊರಗೆ ತರಬೇಕು.

ಪ್ರಶ್ನೆ ಕೇಳುವುದಕ್ಕೂ ಒಂದು ಹೊತ್ತಿದೆ. ಲಾಳಿ ಓಡುತ್ತಿರುವಾಗ ಬೇಡ. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದ ಜಾಗದಲ್ಲಿ ಬಡಿತದ ಬಿಗಿ ಹೆಚ್ಚುಕಡಿಮೆಯಾದರೆ ಬಟ್ಟೆಗೆ ಅಡ್ಡಗೆರೆ ಬೀಳುತ್ತದೆ. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದಾಗ ನೇಕಾರರು ತಾವಾಗಿಯೇ ನಿಲ್ಲುತ್ತಾರೆ. ಹೊಸ ಕಂಡಿಕೆ ತೊಡಿಸುವ ಆ ಅರ್ಧ ನಿಮಿಷ ನಿಮ್ಮದು. ಒಂದು ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಳ್ಳಿ, ಮುಂದಿನ ಕಂಡಿಕೆ ಮುಗಿಯುವವರೆಗೆ ಕಾಯಿರಿ. ಹೀಗೆ ನಾಲ್ಕು ಕಂಡಿಕೆ ಕಾದರೆ ಹನ್ನೊಂದು ಮಂದಿ ಎರಡು ಗಂಟೆ ಮಾತಾಡಿ ತಿಳಿದುಕೊಂಡದ್ದಕ್ಕಿಂತ ಹೆಚ್ಚು ತಿಳಿಯುತ್ತದೆ, ಕಣ್ಣು ಕೆಲಸದ ಮೇಲೆಯೇ ಇರುತ್ತದಲ್ಲ.

ಮನೆಯಲ್ಲೇ ನೇಯುವವರ ಹತ್ತಿರ ಹೋಗುವುದಾದರೆ ನಾಲ್ಕು ಮಂದಿಗಿಂತ ಹೆಚ್ಚು ಬೇಡ. ಹೋದ ಕೂಡಲೇ ಬಾಯಿ ಬಿಟ್ಟು ಹೇಳಿ: “ಒಂದು ಗಂಟೆ ಕೂರುತ್ತೇವೆ, ಅಷ್ಟು ಹೊತ್ತಿನ ಕೂಲಿ ಎಷ್ಟಾಗುತ್ತದೋ ಅದನ್ನು ನಾವು ಕೊಡುತ್ತೇವೆ.” ಕೇಳಲು ಸಂಕೋಚವಾಗಬಹುದು. ಹೊರಡುವಾಗ ಮಕ್ಕಳ ಕೈಗೆ ನೂರು ರೂಪಾಯಿ ತುರುಕಿ ಬರುವುದಕ್ಕಿಂತ ಇದು ಮೇಲು. ಕೆಲಸಕ್ಕೆ ಕೊಟ್ಟದ್ದು ಕೂಲಿ, ಮಗುವಿನ ಕೈಗೆ ತುರುಕಿದ್ದು ಭಿಕ್ಷೆಯ ಹಾಗೆ ಕಾಣುತ್ತದೆ.

ಮಗ್ಗದ ಮೇಲೆ ಸೀರೆಯೇ ಇರಬೇಕೆಂದಿಲ್ಲ. ಶಾಲೆಯ ಮಕ್ಕಳ ಸಮವಸ್ತ್ರದ ಬಟ್ಟೆಯನ್ನು ಕೈಮಗ್ಗದಲ್ಲಿ ನೇಯಿಸುವ ಯೋಜನೆಯನ್ನು ಕೇರಳ ಸರಕಾರ 2017ರಲ್ಲಿ ಶುರು ಮಾಡಿತು. ರಾಜ್ಯದ ಅನೇಕ ನೇಕಾರರಿಗೆ ವರ್ಷವಿಡೀ ಕೆಲಸ ಸಿಕ್ಕಿದ್ದು ಅದರಿಂದ. ಅಂಥ ಬಟ್ಟೆ ನೇಯುತ್ತಿದ್ದರೆ “ಸೀರೆ ತೋರಿಸಿ” ಎಂದು ಒತ್ತಾಯಿಸಬೇಡಿ. ಇನ್ನು ಕೊಳ್ಳುವುದೇ ಆದರೆ ಕೈಮಗ್ಗದ ಗುರುತು, 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್, ಇದೆಯೇ ನೋಡಿ. ಪವರ್‌ಲೂಮಿನ ಬಟ್ಟೆಯನ್ನು ಕೈಮಗ್ಗದ್ದೆಂದು ದಾರಿಬದಿಯಲ್ಲಿ ಮಾರುವವರು ಎಲ್ಲ ಕಡೆ ಇದ್ದಾರೆ. ಓಣಂ ಹೊತ್ತಿನಲ್ಲಿ ರಿಯಾಯಿತಿ ಮಾರಾಟವಿರುತ್ತದೆ, ನಿಮ್ಮ ಡಿಸೆಂಬರಿಗೆ ಅದು ಸಿಗದು. ಆದರೆ ಮಳೆಯಿಲ್ಲದ ತಿಂಗಳು ಎಂಬುದೇ ದೊಡ್ಡ ಅನುಕೂಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಿದು. ಗಂಜಿ ಹಾಕಿದ ನೂಲು ಒಣಗಲು ಬಿಸಿಲೇ ಬೇಕು.

ಬುಟ್ಟಿಯ ವಿಷಯದಲ್ಲಿ ನನ್ನ ಉತ್ತರ ಬೇರೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಒಳಗಿನ ಊರುಗಳಲ್ಲಿ ಬಳ್ಳಿಯ ಹೆಡಗೆ, ತಡ್ಪೆ, ಕುಡುಪು ಹೆಣೆಯುವವರು ಹೆಚ್ಚಾಗಿ ಕೊರಗ ಬುಡಕಟ್ಟಿನವರು. ಹೆಣೆಯುವುದು ನಿಮ್ಮ ಕಣ್ಣಿಗೆ ಕಾಣುವ ಕೆಲಸ. ಅದಕ್ಕೂ ಮೊದಲು ಕಾಡಿಗೆ ಹೋಗಿ, ತಕ್ಕ ಬಳ್ಳಿ ಹುಡುಕಿ, ಕಡಿದು, ಹೊತ್ತು ತಂದು, ಸೀಳಿ, ಹದ ಮಾಡುವ ಕೆಲಸವಿದೆ. ಗುಡ್ಡಗಳು ರಬ್ಬರ್ ತೋಟಗಳಾದ ಮೇಲೆ ಬಳ್ಳಿಗಾಗಿ ನಡೆಯುವ ದಾರಿ ಉದ್ದವಾಯಿತು, ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಕೇಳುವವರು ಕಡಿಮೆಯಾದರು. ಈ ಬುಟ್ಟಿಗೆ ಚೌಕಾಶಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೇಳಿದ ಬೆಲೆ ಕೊಡಿ.

ಆದರೆ ಅವರು ವಾಸಿಸುವ ಜಾಗಕ್ಕೆ ಸೀದಾ ನುಗ್ಗಿ ಹೋಗಬೇಡಿ, ಮಕ್ಕಳಿಗೆ ತೋರಿಸುವುದಕ್ಕಾಗಿಯಂತೂ ಬೇಡವೇ ಬೇಡ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಕೊರಗರನ್ನು ಬೇರೆಯವರು ನೋಡಿದ ನೋಟದ ಚರಿತ್ರೆಯೇ ನೋವಿನದ್ದು. ಅವರನ್ನು ಮನುಷ್ಯರಿಗಿಂತ ಕೀಳಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ಮೊನ್ನೆ ಮೊನ್ನೆಯವರೆಗೆ ಅವರಿರುವ ಜಾಗಕ್ಕೆ ‘ಕಾಲನಿ’ ಎಂದೇ ಹೆಸರು. ಆ ಪದದಲ್ಲಿ ಅವಮಾನವಿದೆಯೆಂದು ಕೇರಳ ಸರಕಾರ 2024ರಲ್ಲಿ ಅದನ್ನು ಕೈಬಿಟ್ಟು ನಗರ, ಉನ್ನತಿ, ಪ್ರಕೃತಿ ಎಂಬ ಹೆಸರುಗಳನ್ನು ಸೂಚಿಸಿತು. ನೀವೂ ಆ ಹಳೆಯ ಪದ ಬಳಸಬೇಡಿ. ಅಲ್ಲಿ ಚಿತ್ರೀಕರಣವೋ ಅಧ್ಯಯನವೋ ಮಾಡುವವರು ಪರಿಶಿಷ್ಟ ವರ್ಗ ಅಭಿವೃದ್ಧಿ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು.

ಹಾಗಾದರೆ ಏನು ಮಾಡುವುದು? ನಿಮಗೆ ಇಲ್ಲಿ ಪರಿಚಯದವರಿದ್ದರೆ ಅವರ ಮೂಲಕ ನಾಲ್ಕು ವಾರ ಮೊದಲು ಬುಟ್ಟಿಗೆ ಹೇಳಿಸಿ, ಮುಂಗಡ ಕೊಡಿಸಿ, ಬಂದಾಗ ತೆಗೆದುಕೊಂಡು ಹೋಗಿ. ಹೆಣೆಯುವವರು ತಾವಾಗಿ “ಬನ್ನಿ, ನೋಡಿ” ಎಂದರೆ ಹೋಗಿ. ಆ ಊರುಗಳಲ್ಲಿ ತುಳು ನಡೆಯುತ್ತದೆ. “ಎಂಚ ಉಲ್ಲರ್” (ಹೇಗಿದ್ದೀರಿ) ಎಂದು ಬಹುವಚನದಲ್ಲಿ ಕೇಳಿ. ವಯಸ್ಸಾದವರನ್ನು ಏಕವಚನದಲ್ಲಿ ಮಾತಾಡಿಸುವ ಕೆಟ್ಟ ಚಾಳಿ ನಮ್ಮವರಲ್ಲೇ ಇನ್ನೂ ಉಳಿದಿದೆ, ನಿಮ್ಮ ಮಕ್ಕಳು ಅದನ್ನು ಕಲಿಯುವುದು ಬೇಡ.

ಇನ್ನು ದ್ವೀಪ. ಹೊಳೆಯ ನಡುವಿನ ನೆಲಕ್ಕೆ ನಾವು ಕುದ್ರು ಅನ್ನುತ್ತೇವೆ. ವಲಿಯಪರಂಬ ಅಂಥ ಚಿಕ್ಕ ಕುದ್ರುವಲ್ಲ. ಜಿಲ್ಲೆಯ ದಕ್ಷಿಣ ತುದಿಯಲ್ಲಿ ಕಡಲಿಗೂ ಕವ್ವಾಯಿ ಹಿನ್ನೀರಿಗೂ ನಡುವೆ ಸುಮಾರು 24 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡ ತೆಂಗಿನ ಪಟ್ಟಿ. ಚೆರುವತ್ತೂರಿನಲ್ಲಿ ರೈಲಿಳಿಯಬಹುದು. ಸೇತುವೆಯಿಂದಲೂ ಹೋಗಬಹುದು, ಆಯಿಟ್ಟಿಯ ಕಡವಿನಿಂದ ದೋಣಿಯಲ್ಲೂ ಹೋಗಬಹುದು. ಮಕ್ಕಳಿರುವಾಗ ದೋಣಿಯೇ ಸರಿ. ಅಲ್ಲಿ ಮಲಯಾಳ, ನಮ್ಮ ಕನ್ನಡ ನಡೆಯುವುದಿಲ್ಲ. “ಚೇಚ್ಚಿ” (ಅಕ್ಕ) ಎಂದು ಕರೆದು ನಕ್ಕರೆ ಅರ್ಧ ಮಾತು ಮುಗಿಯುತ್ತದೆ.

ಕತ್ತದ ಕೆಲಸ ನೋಡಲು ಮೂಗು ಗಟ್ಟಿ ಇರಬೇಕೆಂದು ಮಕ್ಕಳಿಗೆ ಹೇಳಿಡಿ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿ ಕೊಳೆಸುತ್ತಾರೆ, ಎತ್ತಿ ಕೊಡತಿಯಿಂದ ಬಡಿದು ನಾರು ಬಿಡಿಸುತ್ತಾರೆ, ರಾಟೆಗೆ ಸಿಕ್ಕಿಸಿ ಹಿಂದೆ ಹಿಂದೆ ನಡೆಯುತ್ತ ಹುರಿ ಹೊಸೆಯುತ್ತಾರೆ. ಕೈಯಲ್ಲಿ ಬಡಿಯುವುದು ಈಗ ಕಡಿಮೆ, ಯಂತ್ರ ಬಂದಿದೆ. ಹಾಗಾಗಿ ಹೋದ ದಿನ ಸಿಕ್ಕೇ ಸಿಗುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ. ಆದರೆ ಡಿಸೆಂಬರಿನಲ್ಲಿ ಹಿನ್ನೀರಿನಲ್ಲಿ ಇನ್ನೊಂದು ಕೆಲಸ ನೋಡಸಿಗುತ್ತದೆ, ಪಚ್ಚಿಲೆ ಎಂಬ ಚಿಪ್ಪುಜೀವಿಯ ಸಾಕಣೆ. ಪಚ್ಚಿಲೆಯ ಮರಿಗಳನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಕಟ್ಟಿ, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆಯುವಷ್ಟರಲ್ಲಿ ಮರಿಗಳು ಹಗ್ಗವನ್ನು ಕಚ್ಚಿ ಹಿಡಿದಿರುತ್ತವೆ. ಮಳೆ ಬಂದು ಉಪ್ಪು ಇಳಿಯುವ ಮೊದಲು, ಬೇಸಿಗೆಯ ಕೊನೆಗೆ, ಕೊಯ್ಲು. ಪಡನ್ನ, ವಲಿಯಪರಂಬದ ಕಡೆ ಹೆಂಗಸರ ಗುಂಪುಗಳು ಇದರಲ್ಲಿ ದುಡಿಯುತ್ತವೆ.

ದ್ವೀಪದಲ್ಲಿ ಯಾರ ಹಿತ್ತಿಲಿಗೆ ಹೋಗುವುದೆಂದು ಗೊತ್ತಾಗದಿದ್ದರೆ ಕೇರಳದ ಜವಾಬ್ದಾರಿಯುತ ಪ್ರವಾಸೋದ್ಯಮ ಮಿಷನ್ನಿನವರನ್ನು ಕೇಳಿ. 2017ರಲ್ಲಿ ಶುರುವಾದ ಈ ಸರಕಾರಿ ಮಿಷನ್ ಹಳ್ಳಿಯ ಕಸುಬುಗಳನ್ನು ತೋರಿಸುವ ಪ್ರವಾಸಗಳನ್ನು ನಡೆಸುತ್ತದೆ. ಮೊದಲೇ ಗೊತ್ತು ಮಾಡಿದ ಶುಲ್ಕದಲ್ಲಿ ಕಸುಬಿನವರಿಗೂ ಪಾಲಿದೆ. ಅಲ್ಲಿಗೆ ನಿಮ್ಮ ‘ಕೊಂಡೇ ಬರಬೇಕಾ’ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಅವರ ಹೊತ್ತಿಗೆ ಬೆಲೆ ಆಗಲೇ ಸಂದಿರುತ್ತದೆ, ನೀವು ನೆಮ್ಮದಿಯಿಂದ ನೋಡಬಹುದು.

ಫೋಟೋ: ಕೈಯ ಕೆಲಸದ್ದಾದರೂ ಕೇಳಿ ತೆಗೆಯಿರಿ, ಮುಖದ್ದಾದರೆ ಎರಡು ಸಲ ಕೇಳಿ. ದೈವಾರಾಧನೆಯ ಕೋಲ, ತೆಯ್ಯಂಗಳ ಕಾಲವೂ ನೀವು ಬರುವ ಹೊತ್ತೇ ಆಗಿರುವುದರಿಂದ ದೈವದ ವೇಷದ ಅಣಿ ಕಟ್ಟುವುದು, ತೆಂಗಿನ ಸಿರಿ (ಎಳೆಗರಿ) ಸೀಳುವುದು ದಾರಿಯಲ್ಲಿ ಕಣ್ಣಿಗೆ ಬೀಳಬಹುದು. ಎಷ್ಟು ಚೆಂದ ಕಂಡರೂ ಅದು ವ್ರತ ಹಿಡಿದವರ ಕೆಲಸ. ದೂರದಲ್ಲಿ ನಿಂತು ನೋಡಿ, ಹತ್ತಿರ ಹೋಗಿ ಮಾತಾಡಿಸಬೇಡಿ. ಮಕ್ಕಳಿಗೆ ಮುಟ್ಟಿ ನೋಡುವ ಆಸೆಯಿದ್ದರೆ ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವನ್ನು ಮೊದಲೇ ಸಂಪರ್ಕಿಸಿ ಕೇಳಿ ನೋಡಿ. ಕೆ.ವಿ. ರಮೇಶ್ ಅವರು ನಡೆಸುವ ಸಂಘ ಇದು. ಯಕ್ಷಗಾನದ ತೆಂಕುತಿಟ್ಟು ಶೈಲಿಯ ವೇಷ ತೊಟ್ಟ ಸೂತ್ರದ ಬೊಂಬೆಗಳು ಮಕ್ಕಳ ಕಣ್ಣನ್ನು ಹಿಡಿದಿಡುತ್ತವೆ.

ಕೊನೆಗೊಂದು. ನೀವು ಹೋದ ದಿನ ಮಗ್ಗ ಓಡದೆ ಇರಬಹುದು. ಹಳೆಯ ಹಾಸು ಮುಗಿದು ಹೊಸ ಹಾಸು ಕೂಡಿಸುವ ದಿನ ಅದು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಯನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಜೋಡಿಸುತ್ತಾರೆ. ಒಂದು ಎಳೆ ತಪ್ಪಿದರೆ ಅಷ್ಟೂ ಉದ್ದಕ್ಕೆ ತಪ್ಪು. ಹೀಗೆ ಸಾವಿರಾರು ಎಳೆ. ಸದ್ದಿಲ್ಲ, ಬಣ್ಣದ ಓಟವಿಲ್ಲ, ಬಂದವರು ಸಾಮಾನ್ಯವಾಗಿ “ಇವತ್ತು ಏನೂ ಇಲ್ಲವಂತೆ” ಎಂದು ತಿರುಗಿ ಹೋಗುತ್ತಾರೆ. ಅಂಥ ದಿನ ಸಿಕ್ಕರೆ ಹೋಗಬೇಡಿ. ಒಪ್ಪಿಗೆ ಕೇಳಿ, ಬೆಳಕಿಗೆ ಅಡ್ಡವಾಗದ ಹಾಗೆ ಗೋಡೆಯ ಬದಿಗೆ ಮಕ್ಕಳನ್ನು ಕೂರಿಸಿ, ನೂರು ಎಳೆ ಎಣಿಸಲು ಹೇಳಿ.