ಮೂರನೇ ವಾರಕ್ಕೆ ಬೇಕಾಗುವ ವಿಡಿಯೋ

ರೇಡಿಯೋಥೆರಪಿ, ಅಂದರೆ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ, ಕೊಡುವಾಗ ನೋವಾಗುವುದಿಲ್ಲ. ಅಲುಗಾಡದೆ ಮಲಗಿದರೆ ಯಂತ್ರ ಸುತ್ತ ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ಅವತ್ತಿನದು ಮುಗಿಯಿತು. ಮೊದಲ ವಾರ ಹೀಗೆ ಸಲೀಸಾಗಿ ಕಳೆದಾಗ ‘ಇಷ್ಟೇನಾ’ ಅನ್ನಿಸುವುದು ಸಹಜ. ಆದರೆ ಗಂಟಲಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6–7 ವಾರ ಚಿಕಿತ್ಸೆ ನಡೆಯುತ್ತದೆ. ಬಾಯಿ ಹುಣ್ಣು, ಚರ್ಮದ ಉರಿ ಕಾಣಿಸಿಕೊಳ್ಳುವುದು ಎರಡು-ಮೂರನೇ ವಾರದಲ್ಲಿ.

ಯಾಕೆ ಇಷ್ಟು ತಡ? ವಿಕಿರಣದ ಪೆಟ್ಟು ಜಾಸ್ತಿ ಬೀಳುವುದು ವಿಭಜನೆಯಾಗುತ್ತಿರುವ ಕೋಶಗಳಿಗೆ. ಚರ್ಮದ ಮೇಲ್ಪದರದ ತಳದಲ್ಲಿ ಅಂಥವೇ ಇರುತ್ತವೆ. ಮೇಲಿನ ಹಳೆಯ ಕೋಶಗಳು ಉದುರುತ್ತಲೇ ಇರುತ್ತವೆ, ಕೆಳಗಿನಿಂದ ಹೊಸವು ಬರುವುದು ಕಡಿಮೆಯಾಗುತ್ತದೆ. ಆ ಕೊರತೆ ಹೊರಗೆ ಕಾಣುವಷ್ಟು ದೊಡ್ಡದಾಗಲು ಕೆಲವು ವಾರ ಬೇಕು. ಆಮೇಲೆ ಚರ್ಮ ಸಿಪ್ಪೆ ಏಳುತ್ತದೆ, ಕೆಲವರಿಗೆ ನೀರೊಸರುತ್ತದೆ.

ಆರೈಕೆಯ ಮಾತನ್ನೆಲ್ಲ ಮೊದಲ ದಿನವೇ ಒಟ್ಟಿಗೆ ಹೇಳಿ ಮುಗಿಸುವುದರಲ್ಲಿ ತೊಂದರೆ ಇರುವುದು ಇಲ್ಲೇ. ವೈದ್ಯರು ಹೇಳಿದ್ದರಲ್ಲಿ ಶೇ. 40ರಿಂದ 80ರಷ್ಟನ್ನು ರೋಗಿಗಳು ತಕ್ಷಣ ಮರೆಯುತ್ತಾರೆ ಎನ್ನುತ್ತದೆ 2003ರ ಒಂದು ವಿಮರ್ಶಾ ಲೇಖನ. ಭಯದಲ್ಲಿರುವವರ ತಲೆಗೆ ಎಷ್ಟು ತಾನೇ ಇಳಿದೀತು?

ಅದಕ್ಕೇ ವಾರಕ್ಕೆ ತಕ್ಕಂತೆ ಒಂದೊಂದು ಪುಟ್ಟ ವಿಡಿಯೋ ಸಿಗಬೇಕು ಅನ್ನುವುದು ನನ್ನ ವಾದ. ‘ಚರ್ಮವನ್ನು ಉಜ್ಜಬೇಡಿ’ ಅಂತ ಕಾಗದದಲ್ಲಿ ಓದುವುದು ಬೇರೆ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಮೆತ್ತನೆಯ ಬಟ್ಟೆಯನ್ನು ಸುಮ್ನೆ ಒತ್ತಿ ಎತ್ತುವ ಕೈಯನ್ನು ನೋಡುವುದು ಬೇರೆ. ದವಡೆಯ ವ್ಯಾಯಾಮವೂ ಅಷ್ಟೇ. ವಿಕಿರಣದಿಂದ ಅಲ್ಲಿನ ಸ್ನಾಯು ಬಿಗಿದುಕೊಂಡರೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ, ಆದ್ದರಿಂದ ಬೇಗ ಶುರು ಮಾಡಬೇಕು. ಎಷ್ಟು ತೆರೆಯಬೇಕು, ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದನ್ನು ಪರದೆಯ ಮೇಲಿನ ಮುಖದ ಜೊತೆಗೇ ಮಾಡಬಹುದು.

ಪರದೆ ತುಂಬ ಅಕ್ಷರ ತುಂಬಿದರೆ ಪ್ರಯೋಜನವಿಲ್ಲ. ಚಿತ್ರದ ಜೊತೆ ಬರಹಕ್ಕಿಂತ ದನಿ ಇದ್ದರೆ ಸಾಮಾನ್ಯವಾಗಿ ಹೆಚ್ಚು ಮನದಟ್ಟಾಗುತ್ತದೆ ಎಂದು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಓದಲು ಬಾರದವರಿಗೂ ಅದು ತಲುಪುತ್ತದೆ, ಅಲ್ವಾ? ಬೇರೆ ಬೇರೆ ಮೈಬಣ್ಣದವರನ್ನೂ ತೋರಿಸಲೇಬೇಕು. ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಬಿಳಿ ಚರ್ಮದ ಚಿತ್ರ ಮಾತ್ರ ನೋಡಿದವರು ‘ನನಗೇನೂ ಆಗಿಲ್ಲ’ ಅಂದುಕೊಂಡುಬಿಡಬಹುದು.

ಕೇಳಲು ಮುಜುಗರವಾಗುವ ಪ್ರಶ್ನೆಗಳಿಗೂ ಅಲ್ಲಿ ಉತ್ತರ ಇರಲಿ. ಮಕ್ಕಳನ್ನು ಅಪ್ಪಿಕೊಳ್ಳಬಹುದಾ? ಖಂಡಿತ. ಹೊರಗಿನ ಯಂತ್ರದಿಂದ ಕೊಟ್ಟ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ.

ಆದರೆ ವಿಡಿಯೋಗೆ ನಿಮ್ಮ ಚರ್ಮ ಕಾಣುವುದಿಲ್ಲ. ನೋಡಿದ್ದನ್ನು ರೋಗಿಯ ಬಾಯಿಂದಲೇ ಹೇಳಿಸಿ, ತಪ್ಪಿದ್ದಲ್ಲಿ ತಿದ್ದಲು ನರ್ಸ್ ಬೇಕೇ ಬೇಕು. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಚರ್ಮ ಇನ್ನಷ್ಟು ಕೆಡಬಹುದು, ಆಗ ದಿನಾ ಆಸ್ಪತ್ರೆಗೆ ಹೋಗುವುದು ನಿಂತಿರುತ್ತದೆ. ಕೊನೆಯ ವಿಡಿಯೋ ಆ ದಿನಗಳಿಗೆಂದೇ ಇರಬೇಕು. ಜ್ವರ ಬಂದರೆ, ನೀರೂ ನುಂಗಲಾಗದಿದ್ದರೆ, ಗಾಯ ಕೀವಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನು ಅದರ ಮೊದಲಲ್ಲೇ ಹೇಳಬೇಕು.