ಕಾಣದ ಹುಲಿಯನ್ನೂ ಲೆಕ್ಕಕ್ಕೆ ತರುವ ಬಗೆ

ಒಂದು ಹುಲಿ ವರ್ಷಕ್ಕೆ ಸುಮಾರು 50 ಗೊರಸುಳ್ಳ ಪ್ರಾಣಿಗಳನ್ನು ಬೇಟೆಯಾಡುತ್ತದೆ. ಹೀಗೆ ಕಳೆದುಹೋದವುಗಳ ಜಾಗವನ್ನು ಹೊಸ ಮರಿಗಳು ತುಂಬುತ್ತಿರಬೇಕಾದರೆ ಅದರ ಹತ್ತು ಪಟ್ಟು, ಅಂದರೆ 500ರಷ್ಟು ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳು ಅದರ ಸುತ್ತ ಬದುಕಿರಬೇಕು ಎಂಬುದು ವನ್ಯಜೀವಿ ವಿಜ್ಞಾನಿಗಳ ಲೆಕ್ಕ. ಅಮೆರಿಕದ ಮಿನೆಸೋಟದ ಒಂದು ಪುಟ್ಟ ಕೆರೆಯನ್ನು ಅಭ್ಯಸಿಸಿದ ರೇಮಂಡ್ ಲಿಂಡೆಮನ್ 1942ರಲ್ಲಿ ತೋರಿಸಿದಂತೆ, ಆಹಾರದ ಒಂದು ಮಟ್ಟದಲ್ಲಿರುವ ಶಕ್ತಿಯ ಸಣ್ಣ ಪಾಲು ಮಾತ್ರ ಮೇಲಿನ ಮಟ್ಟಕ್ಕೆ ದಾಟುತ್ತದೆ. ಉಳಿದದ್ದು ಉಸಿರಾಟದಲ್ಲಿ, ಓಡಾಟದಲ್ಲಿ, ಕೊಳೆಯುವಿಕೆಯಲ್ಲಿ ವ್ಯಯವಾಗುತ್ತದೆ. ಹುಲಿ ಎಲ್ಲ ಕಾಡಿನಲ್ಲೂ ವಿರಳವಾಗಿರುವುದಕ್ಕೆ ಮೊದಲ ಕಾರಣ ಇದೇ.

ಹುಲ್ಲು, ಜಿಂಕೆ, ಹುಲಿ ಎಂಬ ಪಠ್ಯಪುಸ್ತಕದ ಸರಪಳಿ ನಿಜವಾದ ಕಾಡಿನಲ್ಲಿ ಅಷ್ಟು ನೇರವಾಗಿಲ್ಲ. ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಿನಲ್ಲಿ ಬೇಟೆಯಾಡುತ್ತವೆ. ಯಾವುದು ಏನನ್ನು ತಿನ್ನುತ್ತದೆಂದು ತಿಳಿಯಲು ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಅವುಗಳ ಮಲವನ್ನು ಸಂಗ್ರಹಿಸಿ, ಅದರಲ್ಲಿ ಜೀರ್ಣವಾಗದೆ ಉಳಿದ ಕೂದಲಿನಿಂದ ಬಲಿಪ್ರಾಣಿಯನ್ನು ಗುರುತಿಸಿದರು. ಹುಲಿಯ ಒಲವು ಕಾಟಿ, ಕಡವೆಗಳಂಥ ದೊಡ್ಡ ಪ್ರಾಣಿಗಳತ್ತ, ಉಳಿದೆರಡರದು ಹೆಚ್ಚಾಗಿ ಜಿಂಕೆಯಂಥ ಮಧ್ಯಮ ಗಾತ್ರದವುಗಳತ್ತ ಎಂದು ಕಂಡುಬಂತು. ಈ ವಿಧಾನದಲ್ಲೂ ಒಂದು ತೊಡಕಿದೆ. ಸಣ್ಣ ಪ್ರಾಣಿಯ ಮೈತೂಕಕ್ಕೆ ಹೋಲಿಸಿದರೆ ಚರ್ಮ, ಕೂದಲಿನ ಪಾಲು ಹೆಚ್ಚು. ಆದ್ದರಿಂದ ಕೂದಲು ಸಿಕ್ಕ ಮಾದರಿಗಳನ್ನು ಹಾಗೆಯೇ ಎಣಿಸಿದರೆ ಸಣ್ಣ ಬೇಟೆಯ ಪಾಲು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ.

ಬಲಿಪ್ರಾಣಿಗಳ ಎಣಿಕೆ ಸೀಳುದಾರಿಗಳಲ್ಲಿ ನಡೆಯುತ್ತದೆ. ಕಾಡಿನಲ್ಲಿ ಮೊದಲೇ ಗುರುತಿಸಿದ ನೇರ ದಾರಿಯಲ್ಲಿ ಸದ್ದಿಲ್ಲದೆ ನಡೆಯುತ್ತ, ಕಂಡ ಪ್ರತಿ ಗುಂಪಿನಲ್ಲಿ ಎಷ್ಟು ಪ್ರಾಣಿಗಳಿವೆ, ದಾರಿಯಿಂದ ಎಷ್ಟು ದೂರದಲ್ಲಿವೆ ಎಂದು ಬರೆದುಕೊಳ್ಳುತ್ತಾರೆ. ದಾರಿಯ ಮೇಲಿರುವುದು ಕಣ್ಣಿಗೆ ಬಿದ್ದೇ ಬೀಳುತ್ತದೆ. ದೂರ ಹೆಚ್ಚಿದಂತೆ ಪೊದೆಗಳು ಮರೆಮಾಡುತ್ತವೆ, ಲಂಟಾನ ದಟ್ಟವಾಗಿ ಹಬ್ಬಿದ ಕಡೆಯಂತೂ ಕೆಲವು ಮೀಟರುಗಳಾಚೆಗೆ ಏನೂ ಕಾಣದು. ದೂರದೊಂದಿಗೆ ಈ ಕಾಣುವಿಕೆ ಹೇಗೆ ಇಳಿಯುತ್ತದೆಂಬ ದರವೇ ಕಣ್ತಪ್ಪಿದ ಪ್ರಾಣಿಗಳ ಪ್ರಮಾಣವನ್ನು ಹೇಳಿಕೊಡುತ್ತದೆ. ಎಲ್ಲವನ್ನೂ ಎಣಿಸದೆ, ಕಂಡ ಒಂದು ಪಾಲಿನಿಂದ ಒಟ್ಟನ್ನು ಅಂದಾಜಿಸುವ ಮಾದರಿ ಸಮೀಕ್ಷೆಯ ಚೆಲುವೆಲ್ಲ ನನ್ನ ದೃಷ್ಟಿಯಲ್ಲಿ ಇರುವುದು ಇಲ್ಲಿಯೇ.

ಹುಲಿಯ ವಿಷಯದಲ್ಲಿ ನಮ್ಮ ದೇಶ ಈ ಪಾಠವನ್ನು ತಡವಾಗಿ ಕಲಿಯಿತು. ದಶಕಗಳ ಕಾಲ ಹೆಜ್ಜೆಗುರುತುಗಳ ಅಚ್ಚು ತೆಗೆದು, ಒಂದೊಂದು ಹುಲಿಯನ್ನೂ ಬಿಡದೆ ಎಣಿಸಿದ್ದೇವೆಂದು ಹೇಳಲಾಗುತ್ತಿತ್ತು. ಗಣತಿಯ ಕಾಗದದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ 2005ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಕಾರಂತರು 1990ರ ದಶಕದ ಆರಂಭದಲ್ಲೇ ನಾಗರಹೊಳೆಯಲ್ಲಿ ಬಳಸಿದ, ಪ್ರಾಣಿ ಹಾದುಹೋದಾಗ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ವಿಧಾನದ ತಳಹದಿಯೇ ಬೇರೆ. ಪ್ರತಿ ಹುಲಿಯ ಪಟ್ಟೆಗಳೂ ಭಿನ್ನವಾದ್ದರಿಂದ, ಒಮ್ಮೆ ಫೋಟೋಗೆ ಸಿಕ್ಕಿದ್ದು ಮತ್ತೆ ಸಿಕ್ಕಾಗ ಗುರುತು ಹಿಡಿಯಬಹುದು. ಮೊದಲ ಸುತ್ತಿನಲ್ಲಿ 20 ಹುಲಿಗಳು ಸಿಕ್ಕು, ಎರಡನೆಯ ಸುತ್ತಿನಲ್ಲಿ ಸಿಕ್ಕ 15ರಲ್ಲಿ 10 ಹಳೆಯವೇ ಆಗಿದ್ದವೆನ್ನಿ. ಆಗ ಮೊದಲ ಸುತ್ತು ಒಟ್ಟು ಸಂಖ್ಯೆಯ ಮೂರರಲ್ಲಿ ಎರಡು ಪಾಲನ್ನು ಹಿಡಿದಿತ್ತೆಂದಾಗುತ್ತದೆ. ಅಂದರೆ ಅಲ್ಲಿರುವ ಹುಲಿಗಳು ಸುಮಾರು 30. ಸಮೀಕ್ಷೆಯ ಅವಧಿಯಲ್ಲಿ ಹುಲಿಗಳು ಹುಟ್ಟಿ, ಸತ್ತು, ವಲಸೆ ಹೋಗಿ ಸಂಖ್ಯೆ ಬದಲಾಗಬಾರದು, ಕ್ಯಾಮೆರಾಗಳ ನಡುವೆ ಹುಲಿಯೊಂದು ಪೂರ್ತಿ ತಪ್ಪಿಸಿಕೊಳ್ಳುವಷ್ಟು ತೆರಪು ಇರಬಾರದು ಎಂಬ ಷರತ್ತುಗಳಂತೂ ಇವೆ.

ಬಲಿಪ್ರಾಣಿಗಳ ಮತ್ತು ಹುಲಿಗಳ ಈ ಎರಡು ಎಣಿಕೆಗಳನ್ನು ಕಾರಂತರ ತಂಡ ದೇಶದ 11 ಕಾಡುಗಳಲ್ಲಿ ಜೋಡಿಸಿ ನೋಡಿತು. 2004ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 100 ಚದರ ಕಿ.ಮೀ.ಗೆ ಹುಲಿಗಳ ಸಾಂದ್ರತೆ 3.2ರಿಂದ 16.8ರವರೆಗೆ ಬದಲಾಗುತ್ತಿತ್ತು, ಮತ್ತು ಆ ಏರಿಳಿತ ಬಹುಮಟ್ಟಿಗೆ ಬಲಿಪ್ರಾಣಿಗಳ ಸಾಂದ್ರತೆಯನ್ನೇ ಅನುಸರಿಸುತ್ತಿತ್ತು. ಹಾಗಾಗಿ ಜಿಂಕೆ, ಕಡವೆಗಳ ಕಳ್ಳಬೇಟೆ ನಡೆಯುವ ಕಾಡಿನಲ್ಲಿ, ಹುಲಿಯ ಮೇಲೆ ಯಾರೂ ಗುಂಡು ಹಾರಿಸದಿದ್ದರೂ, ಹುಲಿಗಳು ಕಡಿಮೆಯಾಗುತ್ತ ಹೋಗುತ್ತವೆ.