ಎಕ್ಸ್ ಎಂಥ ಸಂಖ್ಯೆ ಅಂತ ಕಂಪ್ಯೂಟರ್‌ಗೆ ಹೇಳುವುದು ಯಾರ ಕೆಲಸ?

ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಟಿಯು 2022ರ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ಮೊದಲ ವರ್ಷದ ಗಣಿತಕ್ಕೆ ಲ್ಯಾಬ್ ಸೇರಿಸಿತು. ಅಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಿಡಿದವರು ಸಿಂಪೈಗೆ ಬಂದರು. ಅಕ್ಷರಗಳನ್ನಿಟ್ಟುಕೊಂಡು ಬೀಜಗಣಿತ ಮಾಡುವ ಉಚಿತ ಲೈಬ್ರರಿ ಅದು. ಬೆಳಗಾವಿ ಉದ್ಯಮಬಾಗದ ಲ್ಯಾಬ್ ಇರಲಿ, ಬಾಗಲಕೋಟೆಯ ವಿದ್ಯಾಗಿರಿಯದ್ದಿರಲಿ, ಹುಡುಗರ ಮೊದಲ ತಕರಾರು ಒಂದೇ: ಎಕ್ಸ್ ವರ್ಗದ ವರ್ಗಮೂಲ ತೆಗೆ ಅಂದರೆ ಇದು ಎಕ್ಸ್ ಅನ್ನುವುದಿಲ್ಲ. ಕೊಟ್ಟದ್ದನ್ನೇ ವಾಪಸ್ ಕೊಡುತ್ತದೆ.

ತಪ್ಪೇನೂ ಇಲ್ಲ. ಎಕ್ಸ್ ಮೈನಸ್ 3 ಆಗಿದ್ದರೆ ಉತ್ತರ 3, ಮೈನಸ್ 3 ಅಲ್ಲ. ಎಕ್ಸ್ ಕಾಂಪ್ಲೆಕ್ಸ್ ಸಂಖ್ಯೆಯಾಗಿದ್ದರೆ (ಮೈನಸ್ 1ರ ವರ್ಗಮೂಲವೂ ಸೇರುವ ಸಂಖ್ಯೆ) ಕಥೆಯೇ ಬೇರೆ. ನಾವು ಏನೂ ಹೇಳದಿದ್ದರೆ ಸಿಂಪೈ ಎಕ್ಸ್ ಅನ್ನು ಕಾಂಪ್ಲೆಕ್ಸ್ ಅಂತಲೇ ಹಿಡಿಯುತ್ತದೆ. 'ರಿಯಲ್' ಅಂತ ಹೇಳಿದರೆ ಮಾಡ್ಯುಲಸ್ ಎಕ್ಸ್, ಅಂದರೆ ಮೈನಸ್ ಚಿಹ್ನೆ ತೆಗೆದ ಎಕ್ಸ್ ಬರುತ್ತದೆ. 'ಪಾಸಿಟಿವ್' ಅಂದರೆ ಬರೀ ಎಕ್ಸ್. ಹೀಗೆ ಮುಂಚೆಯೇ ಹೇಳಿಡುವುದಕ್ಕೆ ಈ ವಲಯದಲ್ಲಿ ಅಸಂಪ್ಷನ್ ಅನ್ನುತ್ತಾರೆ, ನಾವು ಷರತ್ತು ಅನ್ನೋಣ.

ಈ ತಲೆನೋವು ಪೈಥಾನ್‌ಗಿಂತ ಹಳೆಯದು. ಅಕ್ಷರಗಳ ಬೀಜಗಣಿತ ಮಾಡುವ ಮ್ಯಾಕ್ಸೈಮಾ (Macsyma) ಅನ್ನುವ ಪ್ರೋಗ್ರಾಮ್ 1968ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾಯಿತು, ಇಂದಿನ ಮ್ಯಾಕ್ಸಿಮಾದ (Maxima) ಅಪ್ಪ ಅದೇ. ಅದರ ವಂಶದವರಿಗೆ ಇಂದಿಗೂ ಒಂದು ಚಾಳಿ ಇದೆ: ಗೊತ್ತಾಗದಿದ್ದರೆ ಲೆಕ್ಕ ಅರ್ಧಕ್ಕೆ ನಿಲ್ಲಿಸಿ, 'ಎ ಪಾಸಿಟಿವಾ, ನೆಗೆಟಿವಾ, ಸೊನ್ನೆಯಾ?' ಅಂತ ನಮ್ಮನ್ನೇ ಕೇಳುವುದು. ಐಬಿಎಂನ ಸ್ಕ್ರ್ಯಾಚ್‌ಪ್ಯಾಡ್, ಮುಂದೆ ಆಕ್ಸಿಯಮ್ ಆದದ್ದು, ಇನ್ನೊಂದು ತುದಿ. ಅಲ್ಲಿ ಪ್ರತಿಯೊಂದಕ್ಕೂ ಟೈಪ್, ಅಂದರೆ ಅದು ಯಾವ ಬಗೆಯದು ಅನ್ನುವ ಗುರುತು, ಇರಲೇಬೇಕು. ಇದೇ ಕೆಲಸದ ಮೇಪಲ್ ಬಂತು, 1988ರಲ್ಲಿ ಮ್ಯಾಥಮ್ಯಾಟಿಕಾ ಬಂತು. ಮೇಪಲ್‌ನಲ್ಲಿ ಷರತ್ತು ಹಾಕಿದ ಅಕ್ಷರದ ಬಾಲಕ್ಕೆ ಒಂದು ಅಲೆಯ ಗುರುತು ಅಂಟಿಕೊಳ್ಳುತ್ತದೆ. ಕೇಳುವುದು, ಬರೆಸುವುದು, ಗುರುತು ಹಚ್ಚುವುದು. ಇಷ್ಟರಲ್ಲೇ ನಾಲ್ಕು ದಶಕ ಹೋದವು.

ಸಿಂಪೈಯ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇದರಲ್ಲಿ ಷರತ್ತು ಅಕ್ಷರದ ಗುರುತಿನ ಭಾಗವೇ ಆಗಿಬಿಡುತ್ತದೆ. ಹೆಸರು ಎಕ್ಸ್ ಅಂತಲೇ ಇದ್ದರೂ, ಬರೀ ಎಕ್ಸ್ ಬೇರೆ, ಪಾಸಿಟಿವ್ ಎಕ್ಸ್ ಬೇರೆ. ಎರಡನ್ನೂ ಕೂಡಿಸಿದರೆ ಪರದೆಯ ಮೇಲೆ 'ಎಕ್ಸ್ ಪ್ಲಸ್ ಎಕ್ಸ್' ಅಂತ ಬರುತ್ತದೆ, 2 ಎಕ್ಸ್ ಬರುವುದಿಲ್ಲ. ಪರದೆಯ ನೋಟ್‌ಬುಕ್‌ನ ಮೇಲಿನ ಸೆಲ್‌ನಲ್ಲಿ (ಕೋಡ್ ಬರೆಯುವ ಚೌಕ) ಸುಮ್ನೆ ಎಕ್ಸ್ ಬರೆದು, ಕೆಳಗೆ ನೆನಪಾಗಿ ಪಾಸಿಟಿವ್ ಸೇರಿಸಿದವರಿಗೆ ಇದು ಖಾಯಂ ಕಾಟ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕುವುದು ಹೇಗೆ?

ಎರಡನೆಯ ಗುಂಡಿ ಇನ್ನೂ ಆಳ. ಎಕ್ಸ್ ಪಾಸಿಟಿವಾ ಅಂತ ಕೇಳಿದರೆ ಸಿಂಪೈಗೆ ಮೂರು ಉತ್ತರ ಇವೆ: ಹೌದು, ಅಲ್ಲ, ಗೊತ್ತಿಲ್ಲ. ಆ 'ಗೊತ್ತಿಲ್ಲ' ಬರುವುದು ಪೈಥಾನ್‌ನ 'ನನ್' (None, ಏನೂ ಇಲ್ಲ) ರೂಪದಲ್ಲಿ. 'ಇಫ್' (ಹೀಗಿದ್ದರೆ ಹೀಗೆ ಮಾಡು) ಒಳಗೆ ಹಾಕಿದರೆ ಪೈಥಾನ್ ಅದನ್ನು 'ಅಲ್ಲ' ಅಂತಲೇ ತಿಳಿಯುತ್ತದೆ. ಗೊತ್ತಿಲ್ಲದ್ದು ಸದ್ದಿಲ್ಲದೆ 'ಅಲ್ಲ' ಆಗಿಬಿಡುತ್ತದೆ. ಪ್ರೋಗ್ರಾಮ್ ಓಡುತ್ತದೆ, ಉತ್ತರ ಬರುತ್ತದೆ, ಅದು ತಪ್ಪಿರಬಹುದು.

2009ರ ಆಸುಪಾಸಿನಲ್ಲಿ ಹೊಸ ವ್ಯವಸ್ಥೆ ಬಂತು. ಷರತ್ತನ್ನು ಅಕ್ಷರಕ್ಕೆ ಕಟ್ಟುವ ಬದಲು ಪಕ್ಕದಲ್ಲಿ ಇಟ್ಟುಕೊಂಡು, ಬೇಕಾದಾಗ ಕೇಳುವುದು. ವಿಚಾರ ಚೆನ್ನಾಗಿತ್ತು. ಆದರೆ ಹಳೆಯದು ಲೈಬ್ರರಿಯ ಮೂಲೆಮೂಲೆಗೂ ಇಳಿದಿತ್ತು, ಕಿತ್ತು ಹಾಕುವುದು ಸುಲಭವಿರಲಿಲ್ಲ. ಹಾಗಾಗಿ ಎರಡೂ ಉಳಿದವು. ಹೊಸದು ಹಳೆಯದರ ಮಾತು ಕೇಳುತ್ತದೆ, ಹಳೆಯದಕ್ಕೆ ಹೊಸದರ ಮಾತು ಕೇಳಿಸುವುದಿಲ್ಲ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಇಂಟಿಗ್ರೇಷನ್, ಸಮೀಕರಣ ಬಿಡಿಸುವುದು ಮುಂತಾದ ದೊಡ್ಡ ಕೆಲಸಗಳೆಲ್ಲ ಹೆಚ್ಚಾಗಿ ಹಳೆಯದರ ಮೇಲೇ ನಿಂತಿವೆ.

ಗೊಂದಲ ಸಾಲದು ಅಂತ 2015ರಲ್ಲಿ ಪೈಥಾನ್ 3.5 ಜೊತೆ ಟೈಪ್ ಹಿಂಟ್ ಬಂತು. ಅಕ್ಷರದ ಮುಂದೆ ಕೋಲನ್ ಹಾಕಿ 'ಫ್ಲೋಟ್' (ದಶಮಾಂಶ ಸಂಖ್ಯೆ) ಅಂತ ಬರೆದರೆ ಸಿಂಪೈಗೆ ರಿಯಲ್ ಅಂತ ತಿಳಿಯುತ್ತದೆ ಎಂದು ನಂಬಿದವರಿದ್ದಾರೆ. ತಿಳಿಯುವುದಿಲ್ಲ. ಆ ಹಿಂಟ್ ಓದುವ ಮನುಷ್ಯರಿಗೆ, ಕೋಡ್ ತಪಾಸಣೆ ಮಾಡುವ ಸಾಧನಗಳಿಗೆ. ಸಿಂಪೈ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಅಕ್ಷರಕ್ಕೆ ಷರತ್ತು ಕಟ್ಟಿದರೂ ಸಾಲದ ಲೆಕ್ಕಗಳಿವೆ. 1150ರಲ್ಲಿ ಭಾಸ್ಕರಾಚಾರ್ಯರು ಬೀಜಗಣಿತದಲ್ಲಿ ಕೊಟ್ಟ ಕೋತಿಗಳ ಲೆಕ್ಕ ನೋಡಿ. (ಅವರು ತಮ್ಮ ಊರು ಅಂತ ಹೇಳಿದ ವಿಜ್ಜಡವಿಡ ನಮ್ಮ ವಿಜಯಪುರವೇ ಅನ್ನುವವರಿದ್ದಾರೆ, ಅಲ್ಲ ಮಹಾರಾಷ್ಟ್ರದ ಪಾಟಣ ಅನ್ನುವವರೂ ಇದ್ದಾರೆ. ಆ ಜಗಳ ಇಲ್ಲಿ ಬೇಡ.) ಹಿಂಡಿನ ಐದನೇ ಒಂದು ಪಾಲಿನಲ್ಲಿ 3 ಕಳೆದು, ವರ್ಗ ಮಾಡಿದಷ್ಟು ಕೋತಿಗಳು ಗುಹೆಗೆ ಹೋದವು. ಒಂದು ಹೊರಗೆ ಕಾಣುತ್ತಿದೆ. ಒಟ್ಟು ಎಷ್ಟು? ಉತ್ತರ 50 ಅಥವಾ 5. ಭಾಸ್ಕರರು 5 ಬೇಡ ಅಂದರು. 5ರ ಐದನೇ ಒಂದು ಪಾಲು 1, ಅದರಲ್ಲಿ 3 ಕಳೆದರೆ ಮೈನಸ್ 2. ಮೈನಸ್ ಕೋತಿಗಳನ್ನು ಜನ ಒಪ್ಪುವುದಿಲ್ಲ, ಅಲ್ವಾ?

ಇದನ್ನೇ ಸಿಂಪೈಗೆ ಕೊಡಿ. ಎಕ್ಸ್ ಪಾಸಿಟಿವ್, ಪೂರ್ಣಾಂಕ ಅಂತ ಎರಡೂ ಹೇಳಿ. ಆದರೂ 5, 50 ಎರಡೂ ಬರುತ್ತವೆ, ಯಾಕೆಂದರೆ 5 ಕೂಡ ಪಾಸಿಟಿವ್ ಪೂರ್ಣಾಂಕವೇ. ಭಾಸ್ಕರರ ಷರತ್ತು ಎಕ್ಸ್ ಮೇಲಿಲ್ಲ, ಎಕ್ಸ್ ಕೂತಿರುವ ಪದದ, ಅಂದರೆ ಐದನೇ ಒಂದು ಪಾಲಿನಲ್ಲಿ 3 ಕಳೆದದ್ದರ ಮೇಲಿದೆ. ಹೊಸ ವ್ಯವಸ್ಥೆಯಲ್ಲಿ ಆ ಪದಕ್ಕೂ ಷರತ್ತು ಬರೆಯಬಹುದು, ಆದರೆ ಸಮೀಕರಣ ಬಿಡಿಸುವವನು ಅದನ್ನು ನೋಡುವುದಿಲ್ಲ. ಲ್ಯಾಬ್‌ನಲ್ಲಿ ಸದ್ಯಕ್ಕೆ ಇರುವ ದಾರಿ ಇಷ್ಟೇ: ಎಲ್ಲ ಅಕ್ಷರಗಳನ್ನೂ ಮೊದಲ ಸೆಲ್‌ನಲ್ಲೇ ಷರತ್ತಿನ ಸಮೇತ ಒಮ್ಮೆ ಬರೆಯುವುದು, ಬಂದ ಪ್ರತಿ ಉತ್ತರವನ್ನೂ ಮೂಲ ಲೆಕ್ಕದಲ್ಲಿಟ್ಟು ನೋಡಿ, ಹೊಂದದ್ದನ್ನು ನಾವೇ ಬಿಡುವುದು.